ಹೀಗಿದ್ದರೆ ಇದನ್ನು ಕೇಳು: ಷರತ್ತುಬದ್ಧ ಫಾರ್ಮ್ ವಿನ್ಯಾಸದ ಸಮಗ್ರ ಮಾರ್ಗದರ್ಶಿ

ಕಂಪನಿಯೊಂದು ಹೊಸ ಸರಬರಾಜುದಾರರನ್ನು ನೋಂದಾಯಿಸಿಕೊಳ್ಳುವ ಆನ್‌ಲೈನ್ ಫಾರ್ಮ್ ಇದೆ ಎಂದುಕೊಳ್ಳಿ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವರು, ಜಿಎಸ್‌ಟಿ ನೋಂದಣಿಯೇ ಇಲ್ಲದ ಅನುವಾದಕರು, ಚೆನ್ನೈನ ಖಾಸಗಿ ಕಂಪನಿ, ಸಿಂಗಪುರದ ಸಾಫ್ಟ್‌ವೇರ್ ಸಂಸ್ಥೆ, ಎಲ್ಲರೂ ತುಂಬುವುದು ಅದನ್ನೇ. ಎಲ್ಲರಿಗೂ ಎಲ್ಲ ಪ್ರಶ್ನೆಗಳನ್ನು ಕೇಳಿದರೆ ಫಾರ್ಮ್ ಮುಗಿಯುವುದೇ ಇಲ್ಲ. ತನಗೆ ಸಂಬಂಧವಿಲ್ಲದ ಕಡ್ಡಾಯ ಪ್ರಶ್ನೆ ಎದುರಾದಾಗ ಅನುವಾದಕರು ಒಂದು ಅಡ್ಡಗೆರೆ ಒತ್ತಿ ಮುಂದೆ ಹೋಗುತ್ತಾರೆ, ಆ ಅಡ್ಡಗೆರೆ ಡೇಟಾಬೇಸಿನಲ್ಲಿ ‘ಉದ್ಯಮ್ ಸಂಖ್ಯೆ’ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಸಂಖ್ಯೆ) ಎಂದು ವರ್ಷಗಟ್ಟಲೆ ಉಳಿಯುತ್ತದೆ.

ಅದಕ್ಕಾಗಿ ‘ಈ ಉತ್ತರ ಬಂದರೆ ಮಾತ್ರ ಆ ಪ್ರಶ್ನೆ ಕೇಳು’ ಎಂದು ಷರತ್ತು ಹಾಕುತ್ತೇವೆ. ಮೊದಲ ಐದು ಷರತ್ತುಗಳು ಯಾರಿಗೂ ಕಷ್ಟವಲ್ಲ. ಮೂವತ್ತನೆಯದನ್ನು ಸೇರಿಸುವ ಹೊತ್ತಿಗೆ, ಮೂರನೆಯದು ಏಕೆ ಮುರಿಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಕಾರಣ ಸಾಮಾನ್ಯವಾಗಿ ಒಂದೇ: ಷರತ್ತನ್ನು ಪರದೆಯ ಮೇಲೆ ತೋರಿಸುವ, ಮರೆಮಾಡುವ ಕೆಲಸವೆಂದು ತಿಳಿದು ಬರೆದಿರುತ್ತಾರೆ. ಷರತ್ತು ಉತ್ತರಗಳಿಗೆ ಸಂಬಂಧಿಸಿದ ನಿಯಮ. ಪರದೆಯಲ್ಲಿ ಕಾಣುವುದು ಅದರ ಪರಿಣಾಮ. ಈ ಲೇಖನದ ಉದ್ದಕ್ಕೂ ಸರಬರಾಜುದಾರರ ಫಾರ್ಮನ್ನೇ ಇಟ್ಟುಕೊಂಡು ಹಂತಹಂತವಾಗಿ ನೋಡೋಣ.

ಹಂತ 1: ಪ್ರಶ್ನೆಗಳಿಂದಲ್ಲ, ಉತ್ತರ ಬಳಸುವವರಿಂದ ಶುರುಮಾಡಿ

ಫೀಲ್ಡ್‌ಗಳ (ಉತ್ತರ ತುಂಬುವ ಜಾಗಗಳ) ಪಟ್ಟಿ ಬರೆಯುವ ಮುನ್ನ ಲೆಕ್ಕಪತ್ರ ವಿಭಾಗದವರ ಜೊತೆ ಕುಳಿತುಕೊಳ್ಳಿ. ಪ್ರತಿ ಫೀಲ್ಡ್‌ಗೂ ಒಂದೇ ಪ್ರಶ್ನೆ ಹಾಕಿ: ಈ ಉತ್ತರ ಬದಲಾದರೆ ನೀವು ಮಾಡುವ ಯಾವ ಕೆಲಸ ಬದಲಾಗುತ್ತದೆ? ಏನೂ ಬದಲಾಗದಿದ್ದರೆ ಆ ಫೀಲ್ಡ್ ಬೇಡ. ಬದಲಾಗುವುದಾದರೆ, ನಿಮಗೆ ಬೇಕಾದ ಷರತ್ತು ಅಲ್ಲಿಯೇ ಸಿಗುತ್ತದೆ.

ಉದಾಹರಣೆಗೆ ‘ಸಂಸ್ಥೆಯ ಸ್ವರೂಪ’ ಏಕೆ ಬೇಕು? ಗುತ್ತಿಗೆ ಕೆಲಸದ ಹಣ ಪಾವತಿಸುವಾಗ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಕ್ಕೂ ಶೇ 1, ಉಳಿದವರಿಗೆ ಶೇ 2 ಟಿಡಿಎಸ್ (ಪಾವತಿಸುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗುತ್ತದೆ. ಹಾಗಾದರೆ ಅದು ಬೇಕೇ ಬೇಕು. ಆದರೆ ಕೇಳಲೇಬೇಕೆ? ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರವೇ ಅದನ್ನು ಹೇಳುತ್ತದೆ: ‘ಪಿ’ ಎಂದರೆ ವ್ಯಕ್ತಿ, ‘ಸಿ’ ಕಂಪನಿ, ‘ಎಚ್’ ಅವಿಭಕ್ತ ಕುಟುಂಬ, ‘ಟಿ’ ಟ್ರಸ್ಟ್. ‘ಎಫ್’ ಬಂದರೆ ಮಾತ್ರ ಸಾಮಾನ್ಯ ಪಾಲುದಾರಿಕೆಯೋ ಎಲ್‌ಎಲ್‌ಪಿಯೋ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಎಂದು ಕೇಳಿದರಾಯಿತು. ಜಿಎಸ್‌ಟಿ ಗುರುತಿನ ಸಂಖ್ಯೆಯಲ್ಲಿ ಇನ್ನೂ ಹೆಚ್ಚು ಮಾಹಿತಿ ಅಡಗಿದೆ. ಅದರ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29, ತಮಿಳುನಾಡಿಗೆ 33), ನಂತರದ ಹತ್ತು ಪ್ಯಾನ್, ಕೊನೆಯದು ತಾಳೆ ನೋಡುವ ಅಕ್ಷರ. ನೋಂದಣಿ ಇರುವವರಿಂದ ಆ ಒಂದು ಸಂಖ್ಯೆ ಪಡೆದರೆ ಪ್ಯಾನ್, ರಾಜ್ಯ, ಸಂಸ್ಥೆಯ ಸ್ವರೂಪ ಮೂರನ್ನೂ ನೀವೇ ತುಂಬಬಹುದು. ಹಾಗಾಗಿ ಪ್ಯಾನ್‌ಗಿಂತ ಮೊದಲು ಜಿಎಸ್‌ಟಿ ಪ್ರಶ್ನೆ ಬರಬೇಕು. ಹೆಚ್ಚಿನ ಫಾರ್ಮ್‌ಗಳಲ್ಲಿ ಇದು ತಲೆಕೆಳಗಾಗಿರುತ್ತದೆ.

ಊಹಿಸಿ ತುಂಬುವಾಗ ಅತಿಬುದ್ಧಿವಂತಿಕೆ ಬೇಡ. ಮಾರುವವರ ರಾಜ್ಯವೂ ಪೂರೈಕೆಯ ಸ್ಥಳವೂ ಒಂದೇ ಆದರೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ, ಬೇರೆಯಾದರೆ ಐಜಿಎಸ್‌ಟಿ (ಅಂತರರಾಜ್ಯ ವಹಿವಾಟಿನ ಜಿಎಸ್‌ಟಿ) ಎಂಬುದು ಸಾಮಾನ್ಯ ನಿಯಮ. ವಿಶೇಷ ಆರ್ಥಿಕ ವಲಯದ ಘಟಕವೊಂದು ಮಾರಿದರೂ ಕೊಂಡರೂ, ಎರಡೂ ಕಡೆಯವರು ಬೆಂಗಳೂರಿನಲ್ಲೇ ಇದ್ದರೂ, ಅದು ಅಂತರರಾಜ್ಯ ವಹಿವಾಟು. ಹಾಗೆಯೇ ಜಿಎಸ್‌ಟಿ ಸಂಖ್ಯೆಯ 14ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ‘ಝಡ್’ ಇರುತ್ತದೆ, ಆದರೆ ಎಲ್ಲ ಬಗೆಯ ನೋಂದಣಿಗಳಲ್ಲೂ ಇರುವುದಿಲ್ಲ. ‘ಸಾಮಾನ್ಯವಾಗಿ’ ಎಂಬ ಮಾತು ಬಂದ ಕಡೆಯಲ್ಲೆಲ್ಲ ಮೌಲ್ಯವನ್ನು ತುಂಬಿಡಿ, ಬೀಗ ಹಾಕಬೇಡಿ. ತಿದ್ದಿದರೆ ಕಾರಣ ಕೇಳಿ ದಾಖಲಿಸಿಕೊಳ್ಳಿ.

ಹಂತ 2: ಒಂದು ಫೀಲ್ಡ್‌ನ ಮೇಲಿನ ನಾಲ್ಕು ನಿಯಮಗಳನ್ನು ಬೇರ್ಪಡಿಸಿ

ಪ್ರತಿ ಫೀಲ್ಡ್‌ಗೂ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ. ಇದು ಈ ವ್ಯಕ್ತಿಗೆ ಅನ್ವಯಿಸುತ್ತದೆಯೇ? ಅನ್ವಯಿಸುವುದಾದರೆ ಕಡ್ಡಾಯವೇ? ತುಂಬಿದ ಮೌಲ್ಯ ಸರಿಯಾದ ರೂಪದಲ್ಲಿದೆಯೇ? ಬಳಸುವವರು ಅದನ್ನು ತಿದ್ದಬಹುದೇ? ‘ತೋರಿಸು’ ಎಂಬ ಒಂದೇ ಷರತ್ತಿನಲ್ಲಿ ನಾಲ್ಕನ್ನೂ ತುರುಕಿದರೆ, ಕಾಣದ ಫೀಲ್ಡ್ ಕಡ್ಡಾಯವಾಗಿ ಉಳಿದು ಸಲ್ಲಿಕೆ ಸಿಕ್ಕಿಹಾಕಿಕೊಳ್ಳುವ ದೋಷ ಖಚಿತ.

ಇದೇನೂ ಹೊಸ ವಿಚಾರವಲ್ಲ. 2003ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಅಂಗೀಕರಿಸಿದ ಎಕ್ಸ್‌ಫಾರ್ಮ್ಸ್ 1.0 ಮಾನದಂಡದಲ್ಲೇ ಅನ್ವಯ, ಕಡ್ಡಾಯ, ನಿರ್ಬಂಧ, ಓದಲು ಮಾತ್ರ, ಲೆಕ್ಕಹಾಕಿದ ಮೌಲ್ಯ ಇವು ಬೇರೆ ಬೇರೆ ಗುಣಗಳಾಗಿದ್ದವು. ಅನ್ವಯಿಸದ ಭಾಗವನ್ನು ಸಲ್ಲಿಕೆಯಲ್ಲಿ ಕಳುಹಿಸಬಾರದು ಎಂಬ ನಿಯಮವೂ ಅದರಲ್ಲಿತ್ತು. ಪ್ರಮುಖ ಬ್ರೌಸರ್‌ಗಳು ಆ ಮಾನದಂಡವನ್ನು ತಮ್ಮೊಳಗೆ ಅಳವಡಿಸಿಕೊಳ್ಳಲಿಲ್ಲ. ಆದರೆ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸುವವರು ಮೊಬೈಲಿನಲ್ಲಿ ಬಳಸುವ ಓಡಿಕೆ, ಕೋಬೋ ಟೂಲ್‌ಬಾಕ್ಸ್‌ನಂಥ ಸಾಧನಗಳಲ್ಲಿ ಆ ವಿಂಗಡಣೆ ಇಂದಿಗೂ ಜೀವಂತವಾಗಿದೆ. ಅವುಗಳ ಎಕ್ಸೆಲ್ ನಮೂನೆಯಲ್ಲಿ ಅನ್ವಯಕ್ಕೊಂದು ಕಾಲಂ, ಕಡ್ಡಾಯಕ್ಕೊಂದು, ನಿರ್ಬಂಧಕ್ಕೊಂದು. ಷರತ್ತು ಬರೆಯುವುದನ್ನು ಕಲಿಯಬೇಕೆನ್ನುವವರು ಮೊದಲು ಅಲ್ಲೊಂದು ಫಾರ್ಮ್ ಮಾಡಿ ನೋಡಬೇಕೆಂದು ನಾನು ಹೇಳುತ್ತೇನೆ.

ನಮ್ಮ ಫಾರ್ಮಿನ ಒಂದು ತುಣುಕು ಹೀಗಿರುತ್ತದೆ:

| ಫೀಲ್ಡ್ | ಯಾವಾಗ ಅನ್ವಯ | ಕಡ್ಡಾಯ | ನಿರ್ಬಂಧ |
|---|---|---|---|
| ಜಿಎಸ್‌ಟಿ ನೋಂದಣಿ ಇದೆಯೇ | ದೇಶ = ಭಾರತ | ಹೌದು | |
| ಜಿಎಸ್‌ಟಿ ಸಂಖ್ಯೆ | ಜಿಎಸ್‌ಟಿ ನೋಂದಣಿ = ಹೌದು | ಹೌದು | 15 ಸ್ಥಾನ, ಕೊನೆಯ ಅಕ್ಷರ ತಾಳೆಯಾಗಬೇಕು |
| ಕಾಂಪೊಸಿಷನ್ ಯೋಜನೆಯೇ | ಜಿಎಸ್‌ಟಿ ನೋಂದಣಿ = ಹೌದು | ಹೌದು | |
| ತೆರಿಗೆ ದರ | ಕಾಂಪೊಸಿಷನ್ = ಇಲ್ಲ | ಹೌದು | ಪಟ್ಟಿಯಿಂದ ಮಾತ್ರ |
| ಪ್ಯಾನ್ | ದೇಶ = ಭಾರತ | ಹೌದು | 5 ಅಕ್ಷರ, 4 ಅಂಕಿ, 1 ಅಕ್ಷರ |
| ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) | ದೇಶ = ಭಾರತ | ಹೌದು | 11 ಸ್ಥಾನ, ಐದನೆಯದು ಸೊನ್ನೆ |

ಈ ಕೋಷ್ಟಕ ಕೋಡ್ ಬರೆಯುವ ಮುನ್ನ ತಯಾರಾಗಬೇಕು, ಲೆಕ್ಕಪತ್ರ ವಿಭಾಗದವರು ಅದನ್ನು ಓದಿ ಒಪ್ಪಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರು (ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತಾವೇ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳು) ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಆದ್ದರಿಂದ ದರ ಕೇಳುವುದು ಅಸಂಬದ್ಧ ಎಂಬಂಥ ವಿಷಯ ಅವರಿಗೆ ಗೊತ್ತಿರುತ್ತದೆ, ಪ್ರೋಗ್ರಾಮರ್‌ಗೆ ಗೊತ್ತಿರಬೇಕೆಂದೇನೂ ಇಲ್ಲ.

ಹಂತ 3: ‘ಇಲ್ಲ’ ಬೇರೆ, ‘ಇನ್ನೂ ಹೇಳಿಲ್ಲ’ ಬೇರೆ

ಹೌದು–ಇಲ್ಲ ಪ್ರಶ್ನೆಗೆ ಎರಡು ಸ್ಥಿತಿಗಳಲ್ಲ, ಮೂರು. ‘ಜಿಎಸ್‌ಟಿ ನೋಂದಣಿ ಹೌದು ಅಲ್ಲದಿದ್ದರೆ ಘೋಷಣಾ ಪತ್ರ ಕೇಳು’ ಎಂದು ಬರೆದರೆ, ಫಾರ್ಮ್ ತೆರೆದ ಕ್ಷಣದಲ್ಲೇ ಘೋಷಣಾ ಪತ್ರದ ಫೀಲ್ಡ್ ಕಾಣಿಸಿಕೊಂಡು, ‘ಹೌದು’ ಒತ್ತಿದೊಡನೆ ಮಾಯವಾಗುತ್ತದೆ. ಆದಷ್ಟು ಮಟ್ಟಿಗೆ ‘ಅಲ್ಲದಿದ್ದರೆ’ ಬಳಸಬೇಡಿ. ‘ಇಲ್ಲ ಎಂದಿದ್ದರೆ’ ಎಂದು ನೇರವಾಗಿ ಬರೆಯಿರಿ.

ಪ್ರಶ್ನೆಯನ್ನೂ ನಿಷೇಧರೂಪದಲ್ಲಿ ಕೇಳಬೇಡಿ. ‘ನೀವು ನೋಂದಣಿ ಮಾಡಿಸಿಲ್ಲವೇ?’ ಎಂದರೆ ಒಬ್ಬರು ‘ಹೌದು, ಮಾಡಿಸಿಲ್ಲ’ ಎನ್ನುತ್ತಾರೆ, ಇನ್ನೊಬ್ಬರು ‘ಇಲ್ಲ, ಮಾಡಿಸಿಲ್ಲ’ ಎನ್ನುತ್ತಾರೆ. ಷರತ್ತು ಎಷ್ಟೇ ಸರಿಯಾಗಿದ್ದರೂ ಒಳಬರುವ ಉತ್ತರವೇ ತಿರುಗುಮುರುಗಾಗಿರುತ್ತದೆ.

ಮತ್ತೊಂದು ಮಾತು. ನಿಯಮಗಳು ಪರದೆಯ ಮೇಲಿನ ಪದಗಳನ್ನು ನೋಡಬಾರದು, ಅವುಗಳ ಹಿಂದಿನ ಸ್ಥಿರ ಸಂಕೇತವನ್ನು ನೋಡಬೇಕು. ನಿಯಮ ಇಂಗ್ಲಿಷಿನ ಉತ್ತರಪದಕ್ಕೆ ಹೋಲಿಸುತ್ತಿದ್ದರೆ, ಫಾರ್ಮನ್ನು ಕನ್ನಡಕ್ಕೆ ತಂದ ದಿನ ಒಂದೂ ಷರತ್ತು ಕೆಲಸ ಮಾಡುವುದಿಲ್ಲ.

ಹಂತ 4: ಮರೆಯಾದ ಉತ್ತರಕ್ಕೆ ಏನಾಗುತ್ತದೆ?

ಇಡೀ ವಿನ್ಯಾಸದಲ್ಲಿ ನಿಧಾನವಾಗಿ ಯೋಚಿಸಬೇಕಾದ ಜಾಗ ಇದು. ಒಬ್ಬ ಸರಬರಾಜುದಾರರು ಫಾರ್ಮ್ ತುಂಬುವುದನ್ನು ಹತ್ತಿರದಿಂದ ನೋಡೋಣ.

ದೇಶ ಭಾರತ. ಜಿಎಸ್‌ಟಿ ನೋಂದಣಿ ಹೌದು. ಜಿಎಸ್‌ಟಿ ಸಂಖ್ಯೆ ತುಂಬುತ್ತಾರೆ. ಕಾಂಪೊಸಿಷನ್ ಇಲ್ಲ ಎನ್ನುತ್ತಾರೆ. ತೆರಿಗೆ ದರ ಕಾಣಿಸುತ್ತದೆ, ಶೇ 18 ಆರಿಸುತ್ತಾರೆ. ಅಷ್ಟರಲ್ಲಿ ತಮ್ಮ ನೋಂದಣಿ ಕಳೆದ ತಿಂಗಳೇ ರದ್ದಾದದ್ದು ನೆನಪಾಗಿ ಮೇಲೆ ಹೋಗಿ ‘ನೋಂದಣಿ ಇಲ್ಲ’ ಎಂದು ಬದಲಿಸುತ್ತಾರೆ. ಜಿಎಸ್‌ಟಿ ಸಂಖ್ಯೆಯೂ ಕಾಂಪೊಸಿಷನ್ ಪ್ರಶ್ನೆಯೂ ಮರೆಯಾಗುತ್ತವೆ. ತೆರಿಗೆ ದರ?

ಅದು ಅಲ್ಲೇ ಉಳಿಯುತ್ತದೆ. ಏಕೆಂದರೆ ಅದರ ಷರತ್ತು ‘ಕಾಂಪೊಸಿಷನ್ = ಇಲ್ಲ’, ಆ ಪ್ರಶ್ನೆ ಕಣ್ಣಿಗೆ ಕಾಣದಿದ್ದರೂ ಅದರ ಉತ್ತರ ‘ಇಲ್ಲ’ ಎಂದೇ ನೆನಪಿನಲ್ಲಿ ಕುಳಿತಿದೆ. ಸಲ್ಲಿಸಿದಾಗ ನೋಂದಣಿಯಿಲ್ಲದ ಸರಬರಾಜುದಾರರು, ಶೇ 18 ತೆರಿಗೆ ಎಂಬ ದಾಖಲೆ ಹುಟ್ಟುತ್ತದೆ. ಮುಂದಿನ ವ್ಯವಸ್ಥೆ ಅದನ್ನು ನಂಬಿ ನಡೆದರೆ, ನೋಂದಣಿಯಿಲ್ಲದವರಿಗೆ ಕಂಪನಿ ತೆರಿಗೆ ಸೇರಿಸಿ ಪಾವತಿಸಿ, ಅದರ ಹೂಡುವಳಿ ತೆರಿಗೆ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತನ್ನ ತೆರಿಗೆಯಿಂದ ಕಳೆದುಕೊಳ್ಳುವ ಅವಕಾಶ) ಸಿಗದೆ ಪರದಾಡುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಪ್ರತಿ ಷರತ್ತಿನಲ್ಲೂ ಇಡೀ ಸರಪಳಿ ಬರೆಯುವುದು ಒಂದು: ‘ದೇಶ = ಭಾರತ, ಮತ್ತು ಜಿಎಸ್‌ಟಿ = ಹೌದು, ಮತ್ತು ಕಾಂಪೊಸಿಷನ್ = ಇಲ್ಲ’. ಇದು ನಡೆಯುತ್ತದೆ, ಯಾರಾದರೂ ಒಂದು ಕೊಂಡಿ ಮರೆಯುವ ತನಕ. ಅನ್ವಯಿಸದ ಫೀಲ್ಡ್‌ನ ಉತ್ತರವನ್ನು ಯಾವ ನಿಯಮ ಓದಿದರೂ ಅದಕ್ಕೆ ಖಾಲಿ ಎಂದೇ ಕಾಣುವಂತೆ ಮಾಡುವುದು ಇನ್ನೊಂದು. ನನ್ನ ಆಯ್ಕೆ ಎರಡನೆಯದು, ಅನುಮಾನವಿಲ್ಲದೆ. ಆಗ ಮೇಲಿನ ಕೋಷ್ಟಕ ಇದ್ದ ಹಾಗೆಯೇ ಸರಿಯಾಗುತ್ತದೆ, ತೆರಿಗೆ ದರದ ಷರತ್ತು ತನ್ನ ತಾಯಿ ಪ್ರಶ್ನೆಯನ್ನಷ್ಟೇ ನೋಡಿದರೆ ಸಾಕು.

ಹಾಗೆಂದು ಮರೆಯಾದ ತಕ್ಷಣ ಉತ್ತರ ಅಳಿಸಿಬಿಡಬೇಡಿ. ಕೈತಪ್ಪಿ ‘ಇಲ್ಲ’ ಒತ್ತಿ, ಮರುಕ್ಷಣವೇ ‘ಹೌದು’ ಎಂದು ಸರಿಪಡಿಸಿದವರು 15 ಸ್ಥಾನಗಳನ್ನು ಮತ್ತೆ ಒತ್ತಬೇಕಾಗಬಾರದು. ಪುಟ ತೆರೆದಿರುವವರೆಗೆ ನೆನಪಿನಲ್ಲಿಡಿ, ನಿಯಮಗಳಿಗೆ ಖಾಲಿ ಎಂದು ತೋರಿಸಿ, ಸಲ್ಲಿಸುವಾಗ ಕೈಬಿಡಿ. ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್‌ನಂಥವು ಇದಕ್ಕೆ ಅಪವಾದ. ಅವು ಅನ್ವಯಿಸದಾದ ಕ್ಷಣವೇ ಹೋಗಬೇಕು, ತಾನಾಗಿ ಉಳಿಸುವ ಡ್ರಾಫ್ಟ್‌ನಲ್ಲೂ ಇರಬಾರದು.

ಡ್ರಾಪ್‌ಡೌನ್ ಪಟ್ಟಿಗೂ ಇದೇ ತರ್ಕ. ರಾಜ್ಯ ಬದಲಿಸಿದಾಗ ಹಿಂದೆ ಆರಿಸಿದ್ದ ಜಿಲ್ಲೆ ಹೊಸ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ಖಾಲಿ ಮಾಡಿ, ಖಾಲಿ ಮಾಡಿದ್ದೇವೆಂದು ಹೇಳಿ. ಪಟ್ಟಿಯ ಮೊದಲ ಜಿಲ್ಲೆಯನ್ನು ಸದ್ದಿಲ್ಲದೆ ಆರಿಸಿಡುವ ಫಾರ್ಮ್‌ಗಳಿಂದಾಗಿಯೇ ಬಾಗಲಕೋಟೆಗೆ ಸಂಬಂಧವೇ ಇಲ್ಲದ ಅನೇಕರು ಬಾಗಲಕೋಟೆಯವರಾಗಿದ್ದಾರೆ.

ಹಂತ 5: ಯಾರು ಯಾರನ್ನು ಅವಲಂಬಿಸಿದ್ದಾರೆ ಎಂದು ಗೆರೆ ಎಳೆದು ನೋಡಿ

ಒಂದು ಹಾಳೆಯಲ್ಲಿ ಪ್ರತಿ ಫೀಲ್ಡ್‌ಗೂ ಒಂದು ಚೌಕ, ಷರತ್ತು ಯಾವ ಫೀಲ್ಡ್‌ನ ಉತ್ತರ ನೋಡುತ್ತದೆಯೋ ಅದರಿಂದ ಷರತ್ತಿರುವ ಫೀಲ್ಡ್‌ಗೆ ಒಂದು ಬಾಣ. ಬಾಣಗಳು ಎಲ್ಲೂ ಸುತ್ತಿ ಬರಬಾರದು. ‘ಪ್ಯಾನ್‌ನಿಂದ ಸಂಸ್ಥೆಯ ಸ್ವರೂಪ ತುಂಬು’, ‘ಸಂಸ್ಥೆಯ ಸ್ವರೂಪ ನೋಡಿ ಪ್ಯಾನ್ ತೋರಿಸು’ ಎಂಬ ಎರಡು ನಿಯಮಗಳು ಬಿಡಿಯಾಗಿ ನೋಡಿದರೆ ನಿರುಪದ್ರವಿ, ಒಟ್ಟಿಗೆ ಸೇರಿದರೆ ಪರದೆ ಮಿಟುಕುತ್ತಲೇ ಇರುತ್ತದೆ.

ಸುತ್ತು ಇಲ್ಲವೆಂದಾದ ಮೇಲೆ, ಬಾಣಗಳ ದಿಕ್ಕಿನಲ್ಲಿ ಮೇಲಿನಿಂದ ಕೆಳಗೆ ಒಂದೇ ಸಲ ಲೆಕ್ಕ ಹಾಕಿದರೆ ಸಾಕು. ಹೊಸ ನಿಯಮ ಸೇರಿಸುವಾಗ ಸುತ್ತು ಉಂಟಾಗುತ್ತದೆಯೇ ಎಂದು ಯಂತ್ರವೇ ಪರೀಕ್ಷಿಸಿ ತಡೆಯಬೇಕು. ಬಾಣಗಳ ಸರಪಳಿ ಮೂರು–ನಾಲ್ಕು ಹಂತಕ್ಕಿಂತ ಆಳಕ್ಕೆ ಇಳಿದರೆ, ಬಹುತೇಕ ಸಲ, ಮೊದಲ ಪ್ರಶ್ನೆಯನ್ನೇ ತಪ್ಪಾಗಿ ಆರಿಸಿರುತ್ತೀರಿ.

ಹಂತ 6: ನಿಯಮಗಳನ್ನು ಒಂದೇ ಕಡೆ ಬರೆಯಿರಿ, ಎರಡು ಕಡೆ ನಡೆಸಿ

ಬಟನ್ ಒತ್ತಿದಾಗ ಇದು, ಆಯ್ಕೆ ಬದಲಾದಾಗ ಅದು ಎಂದು ಪುಟದ ಕೋಡ್‌ನಲ್ಲೆಲ್ಲ ಷರತ್ತು ಚದುರಿಸಬೇಡಿ. ನಿಯಮಗಳು ದತ್ತಾಂಶವಾಗಿ ಒಂದು ಕಡತದಲ್ಲಿರಲಿ. ದತ್ತಾಂಶ ಹೇಗಿರಬೇಕೆಂದು ಬರೆದಿಡುವ ಮಾನದಂಡವಾದ ಜೆಸನ್ ಸ್ಕೀಮಾದ ಡ್ರಾಫ್ಟ್ 7ರಿಂದ ‘ಹೀಗಿದ್ದರೆ–ಆಗ–ಇಲ್ಲವಾದರೆ’ ರಚನೆ ಲಭ್ಯವಿದೆ. ಅದು ಸಲ್ಲಿಕೆಯ ತಪಾಸಣೆಗೆ ಚೆನ್ನ. ಯಾವ ಫೀಲ್ಡ್ ತೋರಿಸಬೇಕೆಂದು ಹೇಳಲು ಅದೊಂದೇ ಸಾಲದು, ಮೇಲೊಂದು ಸಣ್ಣ ಪದರ ಬೇಕಾಗುತ್ತದೆ.

ಅದೇ ಕಡತವನ್ನು ಬ್ರೌಸರ್ ಓದುತ್ತದೆ, ಸರ್ವರ್ ಕೂಡ ಓದುತ್ತದೆ. ಬ್ರೌಸರ್‌ನಿಂದ ಬಂದದ್ದನ್ನು ಸರ್ವರ್ ನಂಬಬಾರದು. ಉತ್ತರಗಳನ್ನು ಪಡೆದು, ಯಾವ ಫೀಲ್ಡ್‌ಗಳು ಅನ್ವಯಿಸುತ್ತವೆಂದು ಮೊದಲಿನಿಂದ ತಾನೇ ಲೆಕ್ಕ ಹಾಕಿ, ಅನ್ವಯಿಸದ್ದನ್ನು ಕೈಬಿಟ್ಟು, ಉಳಿದದ್ದನ್ನು ತಪಾಸಣೆ ಮಾಡಬೇಕು.

ಹಂತ 7: ಪರದೆ

ಇಲ್ಲಿ ಬ್ರೌಸರ್‌ನ ಎರಡು ಸ್ವಭಾವಗಳನ್ನು ತಿಳಿದಿರಬೇಕು. ಸಿಎಸ್‌ಎಸ್‌ನಿಂದ (ಪುಟದ ನೋಟ ನಿರ್ಧರಿಸುವ ಭಾಷೆ) ಮರೆಮಾಡಿದ ಫೀಲ್ಡ್‌ನ ಮೌಲ್ಯ ಸಲ್ಲಿಕೆಯಲ್ಲಿ ಹೋಗುತ್ತದೆ, ನಿಷ್ಕ್ರಿಯ ಎಂದು ಗುರುತಿಸಿದ ಫೀಲ್ಡ್‌ನದು ಹೋಗುವುದಿಲ್ಲ. ಮರೆಮಾಡಿದ ಫೀಲ್ಡ್ ಕಡ್ಡಾಯವಾಗಿದ್ದು ಖಾಲಿಯಿದ್ದರೆ ಬ್ರೌಸರ್ ಸಲ್ಲಿಕೆಯನ್ನೇ ತಡೆಯುತ್ತದೆ, ಆದರೆ ಸಂದೇಶ ತೋರಿಸಲು ಜಾಗವಿಲ್ಲದೆ ಸುಮ್ಮನಿರುತ್ತದೆ. ಬಳಸುವವರು ಬಟನ್ ಒತ್ತುತ್ತಾರೆ, ಏನೂ ಆಗುವುದಿಲ್ಲ, ಮತ್ತೆ ಒತ್ತುತ್ತಾರೆ. ಹೀಗಾಗಿ ಅನ್ವಯಿಸದ ಗುಂಪನ್ನು ಮರೆಮಾಡುವುದರ ಜೊತೆಗೆ ಇಡಿಯಾಗಿ ನಿಷ್ಕ್ರಿಯಗೊಳಿಸಿ.

ಹೊಸ ಪ್ರಶ್ನೆ ಅದನ್ನು ಹುಟ್ಟಿಸಿದ ಪ್ರಶ್ನೆಯ ಕೆಳಗೇ ಬರಬೇಕು, ಎಂದಿಗೂ ಮೇಲೆ ಅಲ್ಲ. ಉತ್ತರ ಆರಿಸಿದ ಮಾತ್ರಕ್ಕೆ ಪುಟ ಜಿಗಿಯುವುದು, ಕರ್ಸರ್ ಬೇರೆಡೆ ಓಡುವುದು ಬೇಡ. ಅಂಗವಿಕಲರಿಗೂ ಬಳಸಲು ಬರುವಂತೆ ವೆಬ್ ಪುಟ ರೂಪಿಸುವ ಡಬ್ಲ್ಯುಸಿಎಜಿ ಮಾನದಂಡದ 3.2.2ನೆಯ ಅಂಶ ಹೇಳುವುದೂ ಇದನ್ನೇ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳವರಿಗೆ ಕೆಳಗೊಂದು ಪ್ರಶ್ನೆ ಸೇರಿದ್ದು ತಾನಾಗಿ ತಿಳಿಯುವುದಿಲ್ಲ. ಬ್ರಿಟನ್ ಸರ್ಕಾರದ ವಿನ್ಯಾಸ ಕೈಪಿಡಿಯ ಸಲಹೆ ಸರಳವಾಗಿದೆ: ಸರಳವಾದ ಪ್ರಶ್ನೆ ಆದರೆ ಅಲ್ಲೇ ತೋರಿಸಿ, ಜಟಿಲವಾಗಿದ್ದರೆ ಅಥವಾ ಅದಕ್ಕೆ ಒಂದಕ್ಕಿಂತ ಹೆಚ್ಚು ಭಾಗಗಳಿದ್ದರೆ ಮುಂದಿನ ಪುಟಕ್ಕೆ ಹಾಕಿ. ನಮ್ಮ ಫಾರ್ಮ್‌ನಲ್ಲಿ ದೇಶ ಮತ್ತು ಜಿಎಸ್‌ಟಿ ಮೊದಲ ಪುಟದಲ್ಲಿದ್ದರೆ, ಉಳಿದ ಷರತ್ತುಗಳಲ್ಲಿ ಬಹುಪಾಲು ಕಣ್ಣಿಗೇ ಬೀಳದೆ ಪುಟಗಳ ನಡುವೆ ಮುಗಿದುಹೋಗುತ್ತವೆ. ಮೊಬೈಲಿನಲ್ಲಿ ತುಂಬುವವರಿಗೂ ಅದೇ ಹಿತ.

ಹಂತ 8: ಪರೀಕ್ಷೆ

12 ಹೌದು–ಇಲ್ಲ ಪ್ರಶ್ನೆಗಳಿದ್ದರೆ 4,096 ಸಂಯೋಜನೆಗಳು. ‘ಇನ್ನೂ ಹೇಳಿಲ್ಲ’ವನ್ನೂ ಸೇರಿಸಿದರೆ 5,31,441. ಕೈಯಲ್ಲಿ ಆಗುವ ಕೆಲಸವಲ್ಲ. ಯಾದೃಚ್ಛಿಕ ಉತ್ತರಗಳನ್ನು, ಮುಖ್ಯವಾಗಿ ಹಿಂದೆ ಹೋಗಿ ಉತ್ತರ ಬದಲಿಸುವ ನಡೆಗಳನ್ನು, ಯಂತ್ರದಿಂದ ಸಾವಿರಾರು ಸಲ ಹುಟ್ಟಿಸಿ, ಪ್ರತಿ ಸಲವೂ ಈ ಮಾತುಗಳು ನಿಜವೇ ಎಂದು ನೋಡಿ: ಸಲ್ಲಿಕೆಯಲ್ಲಿ ಅನ್ವಯಿಸದ ಒಂದೂ ಫೀಲ್ಡ್ ಇಲ್ಲ, ಕಡ್ಡಾಯವಾದ ಪ್ರತಿ ಫೀಲ್ಡ್ ಕಾಣುತ್ತದೆ, ಅದೇ ಅಂತಿಮ ಉತ್ತರಗಳಿಗೆ ಯಾವ ದಾರಿಯಲ್ಲಿ ಬಂದರೂ ಅದೇ ಸಲ್ಲಿಕೆ ಹುಟ್ಟುತ್ತದೆ. ಹಂತ 4ರಲ್ಲಿ ಕಂಡ ತೆರಿಗೆ ದರದ ದೋಷ ಮೂರನೆಯ ಪರೀಕ್ಷೆಯಲ್ಲಿ ತಪ್ಪದೆ ಸಿಕ್ಕಿಬೀಳುತ್ತದೆ.

ಇದರ ಜೊತೆಗೆ ಪೀಣ್ಯದ ಲೇತ್, ಅನುವಾದಕರು, ಚೆನ್ನೈ ಕಂಪನಿ, ಸಿಂಗಪುರದ ಸಂಸ್ಥೆ, ವಿಶೇಷ ಆರ್ಥಿಕ ವಲಯದ ಘಟಕ ಹೀಗೆ ಕೆಲವು ನಿಜವಾದ ಮಾದರಿಗಳನ್ನು ಲೆಕ್ಕಪತ್ರ ವಿಭಾಗದವರೇ ಒಮ್ಮೆ ತುಂಬಿ ನೋಡಲಿ.

ಹಂತ 9: ನಿಯಮ ಬದಲಾದ ದಿನ

ಕಾನೂನು ನಿಮ್ಮ ಬಿಡುಗಡೆ ವೇಳಾಪಟ್ಟಿ ಕೇಳಿ ಬದಲಾಗುವುದಿಲ್ಲ. ಉದ್ಯಮ್ ನೋಂದಣಿಯ ಭಾಗವನ್ನೇ ನೋಡಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರದಂತೆ ಹಣ ಪಾವತಿಸಬೇಕು; ಒಪ್ಪಂದವಿಲ್ಲದಿದ್ದರೆ 15 ದಿನ. ಮಧ್ಯಮ ಉದ್ಯಮಗಳಿಗೆ ಇದು ಇಲ್ಲ. ತಡಮಾಡಿದರೆ ಕೊಳ್ಳುವ ಕಂಪನಿಗೆ ಆದಾಯ ತೆರಿಗೆಯಲ್ಲಿ ಆ ವೆಚ್ಚದ ಕಡಿತ ಆ ವರ್ಷ ಸಿಗದಂತೆ ಮಾಡುವ ನಿಯಮ 2024ರ ಏಪ್ರಿಲ್ 1ರಿಂದ ಬಂದ ಮೇಲೆ, ಅದುವರೆಗೆ ಐಚ್ಛಿಕವಾಗಿದ್ದ ‘ಉದ್ಯಮದ ವರ್ಗ’ ರಾತ್ರೋರಾತ್ರಿ ಕಡ್ಡಾಯವಾಯಿತು. ಸೂಕ್ಷ್ಮ ಉದ್ಯಮದ ವಹಿವಾಟಿನ ಮಿತಿ 5 ಕೋಟಿಯಿಂದ 10 ಕೋಟಿ ರೂಪಾಯಿಗೆ ಏರಿದ್ದು 2025ರ ಏಪ್ರಿಲ್ 1ರಂದು. ಈ ಮಿತಿಗಳನ್ನು ಷರತ್ತಿನೊಳಗೆ ಅಂಕಿಯಾಗಿ ಬರೆದಿದ್ದವರು ಕೋಡ್ ಹುಡುಕುತ್ತ ಕೂರಬೇಕಾಯಿತು. ಅಂಕಿಗಳು ಜಾರಿಯ ದಿನಾಂಕದೊಂದಿಗೆ ಬೇರೊಂದು ಪಟ್ಟಿಯಲ್ಲಿರಲಿ. ನಿಯಮದ ಹೆಸರಿನಲ್ಲಿ ಕಾನೂನಿನ ಕಲಂ ಸಂಖ್ಯೆಯೂ ಬೇಡ: 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುವುದರೊಂದಿಗೆ ಹಳೆಯ ಸಂಖ್ಯೆಗಳಲ್ಲಿ ಬಹುಪಾಲು ಬದಲಾಗುತ್ತವೆ.

ಪ್ರತಿ ಡ್ರಾಫ್ಟ್ ಮತ್ತು ಪ್ರತಿ ಸಲ್ಲಿಕೆಯ ಜೊತೆ ಅದು ಯಾವ ಆವೃತ್ತಿಯ ನಿಯಮದಡಿ ತುಂಬಿದ್ದು ಎಂದು ಬರೆದಿಡಿ. ಅರ್ಧಕ್ಕೆ ನಿಂತ ಡ್ರಾಫ್ಟನ್ನು ಹೊಸ ನಿಯಮದೊಂದಿಗೆ ತೆರೆದಾಗ, ಹೊಸದಾಗಿ ಸೇರಿದ ಪ್ರಶ್ನೆಗಳನ್ನು ಮಾತ್ರ ಎತ್ತಿ ತೋರಿಸಿ, ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ. ಸಲ್ಲಿಕೆಯಾದ ದಾಖಲೆಯನ್ನು ಮಾತ್ರ ಅದರದೇ ಆವೃತ್ತಿಯಲ್ಲಿ ತೋರಿಸಬೇಕು. ಇಲ್ಲವಾದರೆ ಆಡಿಟರ್ 2023ರ ನೋಂದಣಿಯೊಂದನ್ನು ತೆರೆದಾಗ, ಆಗ ಯಾರೂ ಕಡ್ಡಾಯವಾಗಿ ಕೇಳಿರದ ಪ್ರಶ್ನೆಯ ಎದುರು ಕೆಂಪು ಗುರುತು ಕಾಣುತ್ತದೆ, ವಿವರಣೆ ಕೊಡಬೇಕಾದವರು ಲೆಕ್ಕಪತ್ರ ವಿಭಾಗದವರು.